ಹಳೆಯ ಸ್ಕೀ ಬೋಟಿನ ಎಂಜಿನ್ ಮತ್ತು ಜೆಟ್ ಪಂಪ್ ಯಾವುವೆಂದು ಗುರುತಿಸಲು ನೆರವು ಬೇಕಾಗಿದೆ

ನೀರಹಾದಿ:

ಎಲ್ಲರಿಗೂ ನಮಸ್ಕಾರ. ಹದಿನೆಂಟು ಅಡಿ ಉದ್ದದ, ಫೈಬರ್‌ಗ್ಲಾಸ್ ಮೈಯ ಹಳೆಯ ಅಮೆರಿಕನ್ ಸ್ಕೀ ಬೋಟೊಂದನ್ನು ಈಚೆಗೆ ಕೊಂಡಿದ್ದೇನೆ. ಇದಕ್ಕೆ ಪ್ರೊಪೆಲ್ಲರ್ ಇಲ್ಲ. ತಳದ ಜಾಲರಿಯ ಮೂಲಕ ನೀರನ್ನು ಎಳೆದು ಹಿಂದಿನಿಂದ ಚಿಮ್ಮಿಸುವ ಜೆಟ್ ಪಂಪ್ ಇದೆ. ಕಾಗದಪತ್ರ ಒಂದೂ ಸಿಗಲಿಲ್ಲ. ಹಿಂದಿನ ಮಾಲೀಕರು ಎಂಜಿನ್ 'ಶೆವರ್ಲೆ 454', ಅಂದರೆ 454 ಘನ ಇಂಚು ಗಾತ್ರದ್ದು, ಎಂದು ಹೇಳಿದರು. ಅದಕ್ಕೆ ಬಳಿದಿರುವುದು ಶೆವರ್ಲೆಯ ಕಿತ್ತಳೆ ಬಣ್ಣವೇ ಆದ್ದರಿಂದ ನಾನೂ ನಂಬಿದೆ. ಟ್ಯಾಪೆಟ್ ಕವರುಗಳು ಹೆಸರಿಲ್ಲದ ಕ್ರೋಮ್ ಕವರುಗಳು. ಪಂಪಿನ ಮೇಲೆ ದಪ್ಪನೆಯ ಕಪ್ಪು ಬಣ್ಣ ಹಚ್ಚಿರುವುದರಿಂದ ಅದರ ಮೇಲಿನ ಬರಹ ಯಾವುದೂ ಕಾಣುತ್ತಿಲ್ಲ.

ನನ್ನ ತೊಂದರೆ ಶುರುವಾದದ್ದು ಹೀಗೆ. ಹಳೆಯ ಪ್ಲಗ್ ವೈರುಗಳು ಒಡೆದಿದ್ದವು. ಎಂಟನ್ನೂ ಒಟ್ಟಿಗೆ ಕಿತ್ತು, ಪ್ಲಗ್ಗುಗಳಿಗೆ ಕಿಡಿಯ ವಿದ್ಯುತ್ತನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿಗೆ ಶೆವರ್ಲೆ 454ರ ಹೊಸ ಕ್ಯಾಪ್ ಹಾಕಿ, ಶೆವರ್ಲೆ ಕೈಪಿಡಿಯ ಚಿತ್ರವನ್ನು ಮುಂದಿಟ್ಟುಕೊಂಡು ಹೊಸ ವೈರುಗಳನ್ನು ಜೋಡಿಸಿದೆ. ಕ್ಯಾಪ್ ಸರಿಯಾಗಿ ಕೂತಿತು. ಆದರೆ ಸ್ಟಾರ್ಟರ್ ತಿರುಗಿಸಿದೊಡನೆ ಕಾರ್ಬುರೇಟರಿನ ಬಾಯಿಂದ ಬೆಂಕಿ ಹೊರಬಂತು. ಮೇಲೆ ಜ್ವಾಲೆ ತಡೆಯುವ ಜಾಲರಿ ಇದ್ದುದರಿಂದ ಅನಾಹುತ ತಪ್ಪಿತು. ಎರಡನೆಯ ಸಲವೂ ಹಾಗೆಯೇ ಆದ ಮೇಲೆ ಕೈಬಿಟ್ಟೆ. ಇದು ನಿಜವಾಗಿ 454 ಹೌದೇ ಎಂಬ ಅನುಮಾನ ಈಗ ಬಂದಿದೆ. ಬಿಡಿಭಾಗಗಳಿಗೆ ಮತ್ತೆ ಹಣ ಸುರಿಯುವ ಮೊದಲು ಎಂಜಿನ್ ಮತ್ತು ಪಂಪ್ ಎರಡನ್ನೂ ಖಚಿತವಾಗಿ ಗುರುತಿಸಿಕೊಳ್ಳಬೇಕು. ಎಲ್ಲಿಂದ ಶುರುಮಾಡಲಿ?

ಲೋಹಲಿಪಿ:

ನೀರಹಾದಿಯವರೆ, ಎರಡನೆಯ ಸಲಕ್ಕೇ ನಿಲ್ಲಿಸಿದ್ದು ಒಳ್ಳೆಯದಾಯಿತು. ಬಣ್ಣವನ್ನೂ ಟ್ಯಾಪೆಟ್ ಕವರುಗಳನ್ನೂ ಪೂರ್ತಿ ಬದಿಗಿಡಿ. ಬಣ್ಣ ಬಳಿದವರು ಯಾರೋ, ಎರಕ ಹೊಯ್ದವರು ಯಾರೋ. ನಮಗೆ ಸಾಕ್ಷಿ ಹೇಳಬೇಕಾದ್ದು ಎರಕದ ಲೋಹ ಮಾತ್ರ.

1970ರ ದಶಕದ ಜೆಟ್ ಬೋಟುಗಳಲ್ಲಿ ಕಾರಿನ ದೊಡ್ಡ ವಿ8 ಎಂಜಿನುಗಳನ್ನೇ ನೀರಿಗೆ ಒಗ್ಗುವಂತೆ ಮಾರ್ಪಡಿಸಿ ಕೂರಿಸುತ್ತಿದ್ದರು. ಆಲ್ಡ್ಸ್‌ಮೊಬಿಲ್ 455, ಫೋರ್ಡ್ 460, ಶೆವರ್ಲೆ 454 ಇವು ಮೂರು ಹೆಚ್ಚಾಗಿ ಸಿಗುತ್ತವೆ. ಬ್ಯೂಯಿಕ್, ಪಾಂಟಿಯಾಕ್, ಕ್ರೈಸ್ಲರ್ ಎಂಜಿನುಗಳೂ ಆಗಾಗ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಮೊದಲು ಯಾವ ಮನೆತನದ ಎಂಜಿನ್ ಎಂದು ತಿಳಿಯೋಣ, ಆಮೇಲೆ ಅದರ ಗಾತ್ರ. ಮನೆತನ ತಿಳಿಯಲು ಅಂಕಿಗಳನ್ನು ಓದಬೇಕಾಗಿಯೇ ಇಲ್ಲ. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂಭಾಗದಲ್ಲಿದ್ದರೆ ಅದು ಫೋರ್ಡ್ 429 ಅಥವಾ 460, ಬ್ಯೂಯಿಕ್ 455, ಇಲ್ಲವೇ ಕ್ರೈಸ್ಲರ್ 440 ಆಗಿರಬಹುದು. ಹಿಂಭಾಗದಲ್ಲಿದ್ದರೆ ಶೆವರ್ಲೆ, ಆಲ್ಡ್ಸ್‌ಮೊಬಿಲ್, ಪಾಂಟಿಯಾಕ್ ಉಳಿಯುತ್ತವೆ. ಇಲ್ಲಿ ಮುಂಭಾಗವೆಂದರೆ ಬೆಲ್ಟು ಮತ್ತು ಪುಲ್ಲಿಗಳಿರುವ ಕಡೆ. ನಿಮ್ಮದರಂತೆ ಎಂಜಿನ್ ನೇರವಾಗಿ ಪಂಪಿಗೆ ಜೋಡಿಸಿರುವ ಬೋಟಿನಲ್ಲಿ ಆ ಬದಿ ದೋಣಿಯ ಮೂತಿಯತ್ತ ಇರುತ್ತದೆ. ಎಂಜಿನನ್ನು ಹಿಂದುಮುಂದಾಗಿ ಕೂರಿಸುವ ವಿ-ಡ್ರೈವ್ ಬೋಟುಗಳಲ್ಲಿ ಮಾತ್ರ ಇದು ತಿರುವುಮುರುವಾಗುತ್ತದೆ.

ಇನ್ನು ಎರಡು ಸಂಗತಿ ನೋಡಿ ಹೇಳಿ. ಒಂದು ಟ್ಯಾಪೆಟ್ ಕವರನ್ನು ಎಷ್ಟು ಬೋಲ್ಟುಗಳು ಹಿಡಿದಿವೆ? ದೊಡ್ಡ ಶೆವರ್ಲೆಗೆ ಏಳು, ಆಲ್ಡ್ಸ್‌ಮೊಬಿಲ್‌ಗೆ ಹತ್ತು. ಎಂಜಿನ್ ಆಯಿಲ್ ಹಾಕುವುದು ಎಲ್ಲಿಂದ? ಕವರಿನ ಮೇಲಿನ ರಂಧ್ರದಿಂದಲೋ, ಅಥವಾ ಎಂಜಿನ್ನಿನ ಮುಂಭಾಗದಿಂದ ಎದ್ದು ನಿಂತ ಒಂದು ಕೊಳವೆಯಿಂದಲೋ?

ನೀರಹಾದಿ:

ಡಿಸ್ಟ್ರಿಬ್ಯೂಟರ್ ಹಿಂಭಾಗದಲ್ಲಿದೆ. ಕವರಿಗೆ ಹತ್ತು ಬೋಲ್ಟುಗಳಿವೆ, ಎರಡು ಸಲ ಎಣಿಸಿದೆ. ಆಯಿಲ್ ಹಾಕುವ ಕೊಳವೆ ಎಂಜಿನ್ನಿನ ಮುಂಭಾಗದಲ್ಲಿ, ಎಡಬದಿಯಲ್ಲಿ ನಿಂತಿದೆ. ಆದರೆ ಇದು ಶೆವರ್ಲೆ ಅಲ್ಲವೆಂದಾದರೆ ಶೆವರ್ಲೆಯ ಕ್ಯಾಪ್ ಹೇಗೆ ಸರಿಯಾಗಿ ಕೂತಿತು?

ಲೋಹಲಿಪಿ:

ಅದು ಆಲ್ಡ್ಸ್‌ಮೊಬಿಲ್. ಇನ್ನು ಸಂಶಯ ಬೇಡ.

ಕ್ಯಾಪ್ ಕೂತದ್ದಕ್ಕೂ ಕಾರಣವಿದೆ. ಶೆವರ್ಲೆ, ಆಲ್ಡ್ಸ್‌ಮೊಬಿಲ್ ಎರಡೂ ಜನರಲ್ ಮೋಟರ್ಸ್‌ನ ವಿಭಾಗಗಳು. ಎರಡಕ್ಕೂ ಡಿಸ್ಟ್ರಿಬ್ಯೂಟರ್ ಬರುತ್ತಿದ್ದುದು ಡೆಲ್ಕೊ-ರೆಮಿಯಿಂದ, ಹೀಗಾಗಿ ಕ್ಯಾಪ್ ಒಂದೇ. ಅಷ್ಟೇ ಅಲ್ಲ, ಎರಡೂ ಎಂಜಿನುಗಳ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, ಕೂಡ ಒಂದೇ: 1-8-4-3-6-5-7-2. ಸಿಲಿಂಡರುಗಳ ಎಣಿಕೆಯೂ ಒಂದೇ ಬಗೆ, ಎಡಸಾಲಿನಲ್ಲಿ ಬೆಸ ಸಂಖ್ಯೆಗಳು, ಬಲಸಾಲಿನಲ್ಲಿ ಸಮ ಸಂಖ್ಯೆಗಳು. ವ್ಯತ್ಯಾಸವಿರುವುದು ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗಿನ ರೋಟರ್ ತಿರುಗುವ ದಿಕ್ಕಿನಲ್ಲಿ. ಮೇಲಿನಿಂದ ನೋಡಿದರೆ ಶೆವರ್ಲೆಯ ರೋಟರ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ, ಆಲ್ಡ್ಸ್‌ಮೊಬಿಲ್‌ನದು ಅದಕ್ಕೆ ಎದುರಾಗಿ ಎಡಕ್ಕೆ. ನೀವು ಸರಿಯಾದ ಕ್ರಮವನ್ನೇ ತಪ್ಪು ದಿಕ್ಕಿನಲ್ಲಿ ಜೋಡಿಸಿದಿರಿ. ಅದರಿಂದಾಗಿ ಒಳತೆಗೆಯುವ ವಾಲ್ವ್ ತೆರೆದಿರುವ ಸಿಲಿಂಡರಿಗೆ ಕಿಡಿ ಹೋಗಿ ಬೆಂಕಿ ಕಾರ್ಬುರೇಟರಿನತ್ತ ನುಗ್ಗಿದೆ. ಒಂದನೆಯ ಸಿಲಿಂಡರಿನ ವೈರ್ ಎಲ್ಲಿರಬೇಕೆಂದು ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು ಖಚಿತಪಡಿಸಿಕೊಳ್ಳಿ, ಅಲ್ಲಿಂದ ಎಡಕ್ಕೆ ತಿರುಗುತ್ತ ಉಳಿದ ಏಳನ್ನು ಜೋಡಿಸಿ.

ಈಗ ಗಾತ್ರದ ಮಾತು. ಆಲ್ಡ್ಸ್‌ಮೊಬಿಲ್‌ನ ಸಣ್ಣ ಬ್ಲಾಕಿನ 350 ಎಂಜಿನ್ನಿಗೂ ಇದೇ ಹತ್ತು ಬೋಲ್ಟು, ಇದೇ ಕೊಳವೆ ಇರುವುದರಿಂದ ಇಲ್ಲಿಗೇ ನಿಲ್ಲುವಂತಿಲ್ಲ. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ಡಿನ ಮೂಲೆಯಲ್ಲಿ ಎರಕದಲ್ಲೇ ಮೂಡಿದ ಗುರುತೊಂದಿರುತ್ತದೆ. ಸಣ್ಣ ಬ್ಲಾಕಿನ ಹೆಡ್ಡಿಗೆ 5, 6, 7, 8 ಎಂಬಂಥ ಅಂಕಿ, ದೊಡ್ಡ ಬ್ಲಾಕಿನ ಹೆಡ್ಡಿಗೆ ಅಕ್ಷರ. ಆಮೇಲೆ ಆಯಿಲ್ ಕೊಳವೆಯ ಬುಡದ ಹತ್ತಿರ, ಎಡ ಹೆಡ್ಡಿನ ಕೆಳಗೆ, ಬ್ಲಾಕಿನ ಮುಂಭಾಗದಲ್ಲಿ ಕಿರಿದಾದ ಕಟ್ಟೆಯಂಥ ಜಾಗವಿದೆ. ಅಲ್ಲಿ ಬಣ್ಣ ತೆಗೆಯುವ ದ್ರಾವಣ ಹಚ್ಚಿ ತಂತಿಯ ಬ್ರಷ್ಷಿನಿಂದ ಉಜ್ಜಿ. ಗ್ರೈಂಡರ್ ಬಳಸಬೇಡಿ, ಅಕ್ಷರದ ಅಂಚೇ ಸವೆದು ಹೋಗುತ್ತದೆ. 455 ಆದರೆ 396021 ಎಂಬ ಸಂಖ್ಯೆಯೂ ಅದರೊಡನೆ ದೊಡ್ಡದಾಗಿ 'ಎಫ್' ಅಕ್ಷರವೂ ಸಿಗಬೇಕು.

ಅಕ್ಷರ ಓದಲು ಬಾರದಷ್ಟು ಹಾಳಾಗಿದ್ದರೆ ಅಳತೆಯೇ ಗತಿ. 455ಕ್ಕೆ ಬೋರ್ (ಸಿಲಿಂಡರಿನ ವ್ಯಾಸ) 4.126 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 4.25 ಇಂಚು. ಅದಕ್ಕಿಂತ ಹಿಂದಿನ 425ಕ್ಕೆ ಬೋರ್ ಅಷ್ಟೇ, ಸ್ಟ್ರೋಕ್ ಮಾತ್ರ 3.975. ಆದರೆ 1968 ಮತ್ತು 1969ರ 400 ಎಂಜಿನ್ನಿಗೂ ಸ್ಟ್ರೋಕ್ 4.25 ಇದ್ದು, ಬೋರ್ 3.87ಕ್ಕೆ ಇಳಿಯುತ್ತದೆ. ಆದ್ದರಿಂದ ಪ್ಲಗ್ಗಿನ ರಂಧ್ರದಿಂದ ಕಡ್ಡಿ ಇಳಿಸಿ ಸ್ಟ್ರೋಕ್ ಒಂದನ್ನೇ ಅಳೆದು ತೀರ್ಮಾನಕ್ಕೆ ಬರುವುದು ಅಪಾಯ. ಪ್ಲಗ್ಗಿನ ರಂಧ್ರ ಓರೆಯಾಗಿರುವುದರಿಂದ ಆ ಅಳತೆ ಕರಾರುವಾಕ್ಕಾಗಿಯೂ ಇರುವುದಿಲ್ಲ.

ಸುಳಿನೀರು:

ಎಂಜಿನ್ನಿನ ವಿಷಯದಲ್ಲಿ ಲೋಹಲಿಪಿಯವರ ಮಾತಿಗೆ ನಾನು ಸೇರಿಸುವುದೇನೂ ಇಲ್ಲ. ಪಂಪಿನ ಬಗ್ಗೆ ಬರೆಯುತ್ತೇನೆ.

ಜೆಟ್ ದೋಣಿಯನ್ನು ಬಳಕೆಗೆ ತಂದವರು ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್. ಪ್ರೊಪೆಲ್ಲರ್ ಕಲ್ಲಿಗೆ ಬಡಿಯುವಷ್ಟು ತೆಳುವಾಗಿ ಹರಿಯುವ ತಮ್ಮ ಸೀಮೆಯ ನದಿಗಳಲ್ಲಿ ಓಡಾಡಲು ಅವರು 1950ರ ದಶಕದಲ್ಲಿ ಅದನ್ನು ರೂಪಿಸಿದರು. ಅಮೆರಿಕದಲ್ಲಿ ಸ್ಕೀ ಬೋಟುಗಳಿಗೆ ಅಂಥ ಪಂಪುಗಳನ್ನು ಹೆಚ್ಚಾಗಿ ಒದಗಿಸಿದವು ಕ್ಯಾಲಿಫೋರ್ನಿಯಾದ ಬರ್ಕ್ಲಿ ಮತ್ತು ಜಕೂಜಿ. ಎರಡೂ ಅದಕ್ಕೆ ಮೊದಲೇ ನೀರೆತ್ತುವ ಪಂಪುಗಳನ್ನು ತಯಾರಿಸುತ್ತಿದ್ದ ಕಂಪನಿಗಳು. ಸ್ನಾನದ ತೊಟ್ಟಿಯಿಂದ ಎಲ್ಲರಿಗೂ ಪರಿಚಿತವಾದ ಜಕೂಜಿ ಎಂಬ ಹೆಸರು ಪಂಪಿನ ಮೇಲೆ ಕಂಡರೆ ಆಶ್ಚರ್ಯಪಡಬೇಡಿ, ಅದು ಅದೇ ಸಂಸ್ಥೆ.

ನಿಮ್ಮ ಪಂಪಿನ ಮೇಲ್ಭಾಗದ ಕಪ್ಪು ಬಣ್ಣವನ್ನು ನಿಧಾನವಾಗಿ ತೆಗೆಯಿರಿ. ತಯಾರಕರ ಹೆಸರು ಎರಕದಲ್ಲಿಯೇ ಮೂಡಿರುವುದುಂಟು. ಅದಲ್ಲದೆ ಮಾದರಿಯನ್ನೂ ಕ್ರಮಸಂಖ್ಯೆಯನ್ನೂ ಒತ್ತಿದ ತೆಳುವಾದ ಲೋಹದ ಫಲಕವೊಂದು ಇರಬೇಕು. ಬರ್ಕ್ಲಿ ಆದರೆ 12ಜೆಸಿ, 12ಜೆಇ, 12ಜೆಎಫ್, 12ಜೆಜಿ ಎಂಬಂಥ ಮಾದರಿಯ ಹೆಸರು, ಅದರ ಹಿಂದೆ ಎ, ಬಿ, ಸಿ ಎಂಬ ಇನ್ನೊಂದು ಅಕ್ಷರ. ಜನ ಆ ಕೊನೆಯ ಅಕ್ಷರವನ್ನು ಗಮನಿಸುವುದಿಲ್ಲ. ಅದು ಇಂಪೆಲ್ಲರಿನ, ಅಂದರೆ ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರದ, ಅಳತೆಯನ್ನು ಸೂಚಿಸುತ್ತದೆ. 'ಎ' ದೊಡ್ಡದು, ಒಂದೇ ಆರ್‌ಪಿಎಂನಲ್ಲಿ 'ಬಿ'ಗಿಂತ ಹೆಚ್ಚು ಶಕ್ತಿ ಕೇಳುತ್ತದೆ, 'ಬಿ'ಯದು 'ಸಿ'ಗಿಂತ ಹೆಚ್ಚು. ಫಲಕ ಹೇಳುವುದು ಕಾರ್ಖಾನೆಯಿಂದ ಹೊರಬಂದಾಗಿನ ಸ್ಥಿತಿಯನ್ನು ಮಾತ್ರ ಎಂಬುದೂ ನೆನಪಿರಲಿ. ಇಷ್ಟು ವರ್ಷಗಳಲ್ಲಿ ಯಾರಾದರೂ ಇಂಪೆಲ್ಲರನ್ನು ಬದಲಿಸಿರಬಹುದು, ಅಥವಾ ಕಡೆದು ಸಣ್ಣದು ಮಾಡಿಸಿರಬಹುದು.

ದೋಣಿಯ ವಯಸ್ಸು ತಿಳಿಯಲು ಹಿಂಬದಿಯ ಹಲಗೆಯ ಬಲಮೇಲ್ಮೂಲೆಯನ್ನೂ ನೋಡಿ. 1972ರ ನವೆಂಬರ್ 1ರಿಂದ ಅಮೆರಿಕದಲ್ಲಿ ತಯಾರಾದ ದೋಣಿಗಳಿಗೆ 12 ಅಕ್ಷರ ಮತ್ತು ಅಂಕಿಗಳ ಒಡಲ ಗುರುತುಸಂಖ್ಯೆ ಕಡ್ಡಾಯವಾಯಿತು. ಅದರಲ್ಲಿ ಮೊದಲ ಮೂರು ತಯಾರಕರ ಸಂಕೇತ, ಕೊನೆಯ ನಾಲ್ಕು ಕಾಲದ ಸಂಕೇತ.

ನೀರಹಾದಿ:

ಎರಡು ಸಂಜೆ ಉಜ್ಜಿದ ಮೇಲೆ ಎಲ್ಲವೂ ಸಿಕ್ಕಿತು. ಬ್ಲಾಕಿನ ಕಟ್ಟೆಯ ಮೇಲೆ 396021, ಪಕ್ಕದಲ್ಲಿ ಹೆಬ್ಬೆರಳಿನಷ್ಟು ದೊಡ್ಡ 'ಎಫ್'. ಕಿತ್ತಳೆ ಬಣ್ಣದ ಅಡಿಯಿಂದ ಆ ಅಕ್ಷರ ಒಂದೊಂದೇ ಅಂಚಾಗಿ ಮೇಲೆದ್ದು ಬಂದಾಗ ಆದ ಸಂತೋಷ ಹೇಳತೀರದು. ಎರಡೂ ಹೆಡ್ಡುಗಳ ಮೂಲೆಯಲ್ಲಿ 'ಜೆ' ಇದೆ. ಪಂಪಿನ ಫಲಕದಲ್ಲಿ ಬರ್ಕ್ಲಿ 12ಜೆಸಿ, ಕೊನೆಯ ಅಕ್ಷರ 'ಎ'. ಹಿಂಬದಿಯ ಹಲಗೆಯ ಸಂಖ್ಯೆ 'ಎಂ75ಸಿ' ಎಂದು ಮುಗಿಯುತ್ತದೆ. 'ಸಿ' ಎಂದರೆ ಮಾರ್ಚ್ ತಿಂಗಳೇ?

ಲೋಹಲಿಪಿ:

ಅಲ್ಲ, ಅಕ್ಟೋಬರ್. ಆ ಸಂಖ್ಯೆಯಲ್ಲಿ 'ಎಂ' ಇದ್ದರೆ ಮುಂದಿನ ಎರಡು ಅಂಕಿ ಮಾದರಿ ವರ್ಷ, ಕೊನೆಯ ಅಕ್ಷರ ತಿಂಗಳು. ಮಾದರಿ ವರ್ಷ ಆಗಸ್ಟಿನಲ್ಲಿ ಶುರುವಾಗುವುದರಿಂದ ಆಗಸ್ಟ್ 'ಎ', ಸೆಪ್ಟೆಂಬರ್ 'ಬಿ', ಅಕ್ಟೋಬರ್ 'ಸಿ'. ನಿಮ್ಮ ದೋಣಿ 1975ರ ಮಾದರಿ, ತಯಾರಾದದ್ದು 1974ರ ಅಕ್ಟೋಬರಿನಲ್ಲಿ. 455ರ 'ಜೆ' ಹೆಡ್ಡುಗಳು 1973ರಿಂದ 1976ರವರೆಗಿನವು. ಹೀಗೆ ದೋಣಿ ಮತ್ತು ಹೆಡ್ಡುಗಳ ಕಾಲ ತಾಳೆಯಾಗುತ್ತದೆ. ಎಂಜಿನ್ ಮೊದಲಿನಿಂದ ಇದೇ ದೋಣಿಯಲ್ಲಿತ್ತು ಎಂಬುದಕ್ಕೆ ಇದು ರುಜುವಾತಲ್ಲವಾದರೂ, ಹಾಗಿರುವ ಸಂಭವ ಹೆಚ್ಚು.

ಗ್ಯಾಸ್ಕೆಟ್, ಸ್ಟಾರ್ಟರ್, ಆಯಿಲ್ ಫಿಲ್ಟರ್ ಏನೇ ತರಿಸಿದರೂ ಇನ್ನು ಮೇಲೆ ಆಲ್ಡ್ಸ್‌ಮೊಬಿಲ್ 455 ಎಂದೇ ಕೇಳಿ.

ಕೀಲೆಣ್ಣೆ:

ಇಷ್ಟು ಹೊತ್ತು ಓದುತ್ತಿದ್ದೆ. ಎಂಜಿನನ್ನು ನೆಲದ ಮೇಲೆ ಶುರುಮಾಡುವ ಮೊದಲು ನೀರಹಾದಿಯವರು ಇದನ್ನು ದಯವಿಟ್ಟು ಓದಬೇಕು. ಈ ಒಂದು ತಪ್ಪಿನಿಂದ ಹಾಳಾದ ಎಂಜಿನುಗಳನ್ನು ನಾನು ಬಿಚ್ಚಿ ನೋಡಿದ್ದೇನೆ.

ಜೆಟ್ ದೋಣಿಯ ಎಂಜಿನ್ನಿಗೆ ತಂಪು ನೀರು ಬರುವುದು ಸಾಮಾನ್ಯವಾಗಿ ಜೆಟ್ ಪಂಪಿನ ಒತ್ತಡದಿಂದಲೇ, ಬೇರೆ ನೀರಿನ ಪಂಪ್ ಇರುವುದಿಲ್ಲ. ನೆಲದ ಮೇಲೆ ಓಡಿಸುವಾಗ ಆ ನೀರಿನ ದಾರಿಗೆ ತೋಟದ ಪೈಪನ್ನು ಜೋಡಿಸುತ್ತೇವೆ. ಮೊದಲು ಎಂಜಿನ್ ಶುರುಮಾಡಿ, ಆಮೇಲೆ ನಲ್ಲಿ ತಿರುಗಿಸಿ. ನಿಲ್ಲಿಸುವಾಗ ಮೊದಲು ನಲ್ಲಿ ಮುಚ್ಚಿ, ಆಮೇಲೆ ಎಂಜಿನ್ ನಿಲ್ಲಿಸಿ. ಎಂಜಿನ್ ನಿಂತಿರುವಾಗ ನಲ್ಲಿ ತೆರೆದಿದ್ದರೆ, ಹೊಗೆಯ ಒತ್ತಡ ಇಲ್ಲದ ಕಾರಣ ನೀರು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳಲ್ಲಿ ತುಂಬಿ, ತೆರೆದಿರುವ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸ್ಟಾರ್ಟರ್ ತಿರುಗಿಸಿದೊಡನೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪಂಪಿನೊಳಗೆ ನೀರಿಲ್ಲದೆ ಬಹಳ ಹೊತ್ತು ಓಡಿಸುವುದೂ ಬೇಡ, ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಪ್ಯಾಕಿಂಗ್ ಒಣಗಿ ಸುಡುತ್ತದೆ. ಇಂಥ ಪಂಪಿಗೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಎಂಜಿನ್ ತಿರುಗಿದಾಗಲೆಲ್ಲ ಇಂಪೆಲ್ಲರ್ ತಿರುಗುತ್ತದೆ, ಆದ್ದರಿಂದ ತಳದ ಜಾಲರಿಯ ಬಳಿಗೂ ಶಾಫ್ಟಿನ ಬಳಿಗೂ ಯಾರೂ ಸುಳಿಯದಂತೆ ನೋಡಿಕೊಳ್ಳಿ.

ಇನ್ನೊಂದು ವಿಷಯ. ಎಂಜಿನನ್ನು ಬಹಳ ವರ್ಷ ಶೆವರ್ಲೆ ಎಂದು ನಂಬಿಕೊಂಡೇ ಯಾರೋ ದುರಸ್ತಿ ಮಾಡಿದ್ದಾರೆ ಎಂದರೆ, ಕೈಗೆ ಸಿಕ್ಕ ಕಾರಿನ ಭಾಗಗಳನ್ನು ಹಾಕಿರುವ ಸಾಧ್ಯತೆ ಇದೆ. ಪೆಟ್ರೋಲ್ ಪಂಪನ್ನು ಮೊದಲು ಪರೀಕ್ಷಿಸಿ. ಕಾರಿನ ಪಂಪಿನ ಡಯಾಫ್ರಾಮ್ ಹರಿದರೆ ಅದರ ಸಣ್ಣ ರಂಧ್ರದಿಂದ ಪೆಟ್ರೋಲ್ ದೋಣಿಯ ತಳಕ್ಕೆ ತೊಟ್ಟಿಕ್ಕುತ್ತದೆ. ದೋಣಿಗೆಂದು ಮಾಡಿದ ಪಂಪಿನಲ್ಲಿ ಆ ಸೋರಿಕೆಯನ್ನು ಕಾರ್ಬುರೇಟರಿಗೆ ಒಯ್ಯುವ ಪಾರದರ್ಶಕ ಕೊಳವೆ ಇರುತ್ತದೆ. ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ಕೂಡ ಕಿಡಿ ಹೊರಬಾರದಂತೆ ಮುಚ್ಚಿದವೇ ಆಗಬೇಕು. ಕಾರಿನಲ್ಲಿ ಪೆಟ್ರೋಲ್ ಆವಿ ಕೆಳಗೆ ಹರಿದು ಗಾಳಿಗೆ ಹೋಗುತ್ತದೆ, ದೋಣಿಯಲ್ಲಿ ಅದು ಬಾನಿಯೊಳಗಿನಂತೆ ತಳದಲ್ಲಿ ನಿಲ್ಲುತ್ತದೆ. ಪ್ರತಿ ಸಲ ಶುರುಮಾಡುವ ಮೊದಲು ಆ ಆವಿಯನ್ನು ಹೊರದೂಡುವ ಫ್ಯಾನನ್ನು, ಅಂದರೆ ಬ್ಲೋವರನ್ನು, ಕನಿಷ್ಠ 4 ನಿಮಿಷ ಓಡಿಸಿ, ಮೂಗಿನಿಂದಲೂ ಪರೀಕ್ಷಿಸಿ.

ನೀರಹಾದಿ:

ಕೀಲೆಣ್ಣೆಯವರೆ, ನಿಮಗೆ ನಾನು ಋಣಿ. ನಾನು ನಲ್ಲಿಯನ್ನೇ ಮೊದಲು ತೆರೆಯುವವನಿದ್ದೆ. ಪೆಟ್ರೋಲ್ ಪಂಪ್ ನೀವು ಹೇಳಿದಂತೆ ಕಾರಿನದೇ ಆಗಿತ್ತು, ಬದಲಿಸಿದೆ.

ವೈರುಗಳನ್ನು ಎಡಕ್ಕೆ ಸುತ್ತಿ ಜೋಡಿಸಿದ ಮೇಲೆ ಎಂಜಿನ್ ಮೂರನೆಯ ಸುತ್ತಿಗೇ ಹತ್ತಿಕೊಂಡಿತು. ನಿನ್ನೆ ನೀರಿಗಿಳಿಸಿದೆ. ಸದ್ದು ಹಿತವಾಗಿದೆ, ಆಯಿಲ್ ಒತ್ತಡ ಸರಿಯಿದೆ. ಆದರೆ ಥ್ರಾಟಲನ್ನು ಪೂರ್ತಿ ಒತ್ತಿದರೂ 4,200 ಆರ್‌ಪಿಎಂ ದಾಟುತ್ತಿಲ್ಲ. ನಾನೊಬ್ಬನೇ ಇದ್ದಾಗಲೂ ಅಷ್ಟೇ, ನಾಲ್ಕು ಜನ ಕೂತಾಗಲೂ ಅಷ್ಟೇ. ಇಂಪೆಲ್ಲರ್ ಬೇರೆಯದಿರಬಹುದೇ?

ಸುಳಿನೀರು:

ನಾಲ್ಕು ಜನ ಕೂತರೂ ಆರ್‌ಪಿಎಂ ಬದಲಾಗದಿರುವುದು ಜೆಟ್ ಪಂಪಿನ ಸ್ವಭಾವ, ದೋಷವಲ್ಲ. ಪ್ರೊಪೆಲ್ಲರ್ ದೋಣಿಯಲ್ಲಿ ಭಾರ ಹೆಚ್ಚಿದರೆ ಎಂಜಿನ್ ತಿಣುಕುತ್ತದೆ. ಇಲ್ಲಿ ಇಂಪೆಲ್ಲರ್ ತನ್ನ ಗೂಡಿನೊಳಗೆ ನೀರನ್ನು ತಳ್ಳುತ್ತಿರುವುದರಿಂದ, ಅದು ಎಂಜಿನ್ನಿನಿಂದ ಕೇಳುವ ಶಕ್ತಿ ಬಹುಮಟ್ಟಿಗೆ ಆರ್‌ಪಿಎಂ ಒಂದನ್ನೇ ಅವಲಂಬಿಸಿರುತ್ತದೆ. ಹೀಗಾಗಿ ಎಂಜಿನ್ ಎಷ್ಟು ಶಕ್ತಿ ಕೊಡುತ್ತಿದೆ ಎಂದು ತೂಗುವ ತಕ್ಕಡಿಯಾಗಿಯೂ ಪಂಪನ್ನು ಬಳಸಬಹುದು. ಜೆಟ್ ದೋಣಿಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಗುಣ ಇದು.

ಲೆಕ್ಕ ಹೀಗೆ: ಬೇಕಾದ ಶಕ್ತಿ ಆರ್‌ಪಿಎಂನ ಘನಕ್ಕೆ ಅನುಗುಣವಾಗಿ ಏರುತ್ತದೆ. ಆರ್‌ಪಿಎಂ ಇಮ್ಮಡಿಯಾದರೆ ಶಕ್ತಿ ಎಂಟು ಮಡಿ. ನಿಮ್ಮ 4,200 ಆರ್‌ಪಿಎಂ 4,600ಕ್ಕೆ ಏರಬೇಕಾದರೆ ಎಂಜಿನ್ ಸುಮಾರು ಶೇಕಡ 31ರಷ್ಟು ಹೆಚ್ಚು ಶಕ್ತಿ ಕೊಡಬೇಕು. ಆದ್ದರಿಂದ ಸಣ್ಣದಾಗಿ ಕಾಣುವ ಆರ್‌ಪಿಎಂ ಕೊರತೆಯ ಹಿಂದೆ ಶಕ್ತಿಯ ದೊಡ್ಡ ಕೊರತೆ ಇರುತ್ತದೆ.

ನಿಮ್ಮಲ್ಲಿ ಇರುವುದೇ ದೊಡ್ಡದಾದ 'ಎ' ಇಂಪೆಲ್ಲರ್. ಇಂಪೆಲ್ಲರನ್ನು ಯಾರಾದರೂ ಕಡೆಸಿ ಸಣ್ಣದು ಮಾಡಿದ್ದರೆ ಆರ್‌ಪಿಎಂ ಏರಬೇಕಿತ್ತು, ಇಳಿಯಬಾರದಿತ್ತು. ಇಂಪೆಲ್ಲರಿನ ಕತ್ತಿನ ಸುತ್ತ ಕೂರುವ ವೇರ್ ರಿಂಗ್ ಎಂಬ ಉಂಗುರ ಸವೆದಿದ್ದರೂ ಒತ್ತಡದ ನೀರು ಅಂಚಿನಿಂದ ಹಿಂದಕ್ಕೆ ಜಾರಿ ದೋಣಿ ನಿಧಾನವಾಗುತ್ತದೆಯೇ ಹೊರತು ಎಂಜಿನ್ ಕಟ್ಟಿಹಾಕಿದಂತೆ ಆಗುವುದಿಲ್ಲ. ಆದ್ದರಿಂದ ಪಂಪನ್ನು ಈಗ ಮುಟ್ಟಬೇಡಿ, ಎಂಜಿನ್ನಿನ ಕಡೆ ನೋಡಿ. ಅದಕ್ಕೂ ಮೊದಲು ಆರ್‌ಪಿಎಂ ಮಾಪಕ ಎಂಟು ಸಿಲಿಂಡರಿಗೆ ಹೊಂದಿಸಿದೆಯೇ, ಅದು ನಿಜ ಹೇಳುತ್ತಿದೆಯೇ ಎಂದು ಬೇರೊಂದು ಮಾಪಕದಿಂದ ತಾಳೆ ನೋಡಿ. ಅದೇ ತಪ್ಪಾಗಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಲೋಹಲಿಪಿ:

ಇಗ್ನಿಷನ್ ಟೈಮಿಂಗ್, ಕಂಪ್ರೆಷನ್, ಕಾರ್ಬುರೇಟರ್, ಇದೇ ಕ್ರಮದಲ್ಲಿ ಪರೀಕ್ಷಿಸಿ. ಕಾರ್ಬುರೇಟರಿನಲ್ಲಿ ಹಿಂದಿನ ಎರಡು ಬಾಯಿಗಳು ಪೂರ್ತಿ ತೆರೆಯುತ್ತವೆಯೇ ಎಂಬುದನ್ನು ಎಂಜಿನ್ ನಿಲ್ಲಿಸಿ, ಇನ್ನೊಬ್ಬರಿಂದ ಪೆಡಲ್ ಒತ್ತಿಸಿ, ಕಣ್ಣಾರೆ ನೋಡಿ.

ಶಕ್ತಿ ಮರಳಿ ಬಂದ ಮೇಲೆ ಒಂದು ಎಚ್ಚರಿಕೆ ಬೇಕು. ಆಲ್ಡ್ಸ್‌ಮೊಬಿಲ್ 455ಕ್ಕೆ ಉದ್ದವಾದ ಸ್ಟ್ರೋಕ್ ಇರುವುದರಿಂದ ಕೆಳಗಿನ ಆರ್‌ಪಿಎಂನಲ್ಲಿ ಅದರ ಎಳೆತ ಅಮೋಘ, ಸ್ಕೀ ಮಾಡುವವರನ್ನು ನೀರಿನಿಂದ ಮೇಲೆತ್ತಲು ಹೇಳಿ ಮಾಡಿಸಿದಂಥದು. ಆದರೆ ಹೆಚ್ಚಿನ ಆರ್‌ಪಿಎಂನಲ್ಲಿ ಬಹಳ ಹೊತ್ತು ಓಡಿಸಿದರೆ ಆಯಿಲ್ ಎಂಜಿನ್ನಿನ ಮೇಲ್ಭಾಗದಲ್ಲೇ ನಿಂತು, ಕೆಳಗಿನ ಪ್ಯಾನ್ ಬರಿದಾಗುತ್ತದೆ. ಆಯಿಲ್ ಪಂಪ್ ಗಾಳಿ ಹೀರತೊಡಗಿದ ಮೇಲೆ ಬೇರಿಂಗುಗಳು ಉಳಿಯುವುದಿಲ್ಲ. ಕಾರಿಗೆ ಅಂಥ ಓಟ ಅಪರೂಪ, ಜೆಟ್ ದೋಣಿಗೆ ಅದು ನಿತ್ಯದ ಮಾತು. ನಿಮ್ಮ ಎಂಜಿನ್ನಿಗೆ ಹೆಚ್ಚು ಆಯಿಲ್ ಹಿಡಿಯುವ ದೊಡ್ಡ ಪ್ಯಾನ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಪೂರ್ತಿ ಥ್ರಾಟಲಿನ ಓಟವನ್ನು ಚಿಕ್ಕದಾಗಿ ಇಟ್ಟುಕೊಳ್ಳಿ, ಕಣ್ಣು ಒತ್ತಡದ ಮಾಪಕದ ಮೇಲಿರಲಿ.

ನೀರಹಾದಿ:

ಕಾರಣ ಸಿಕ್ಕಿತು. ಟೈಮಿಂಗ್ ಸರಿಯಿತ್ತು, ಎಂಟೂ ಸಿಲಿಂಡರುಗಳ ಕಂಪ್ರೆಷನ್ ಹೆಚ್ಚು ಕಡಿಮೆ ಒಂದೇ ಸಮ ಇತ್ತು. ಪೆಡಲನ್ನು ನೆಲಕ್ಕೆ ಒತ್ತಿಸಿ ಕಾರ್ಬುರೇಟರಿನೊಳಗೆ ಬೆಳಕು ಬಿಟ್ಟು ನೋಡಿದರೆ, ಹಿಂದಿನ ಬಾಯಿಗಳು ಅರ್ಧವೂ ತೆರೆಯುತ್ತಿರಲಿಲ್ಲ. ಥ್ರಾಟಲ್ ಕೇಬಲ್ಲನ್ನು ಹಿಡಿದಿರುವ ಪಟ್ಟಿ ಬಾಗಿ, ಎಳೆತದ ಕೊನೆಯ ಭಾಗ ವ್ಯರ್ಥವಾಗುತ್ತಿತ್ತು. ಪಟ್ಟಿಯನ್ನು ನೇರ ಮಾಡಿ ಕೇಬಲ್ ಹೊಂದಿಸಿದೆ. ಮಾಪಕವನ್ನು ಬೇರೊಂದರೊಡನೆ ತಾಳೆ ನೋಡಿದ್ದೂ ಆಯಿತು, ಅದು ಸರಿಯಾಗಿಯೇ ಇದೆ. ಇಂದು ಬೆಳಿಗ್ಗೆ 4,600 ತೋರಿಸಿತು. ಆಯಿಲ್ ಪ್ಯಾನ್ ದೊಡ್ಡದೋ ಸಾಧಾರಣದ್ದೋ ಎಂದು ತಿಳಿಯುವವರೆಗೆ ಆ ವೇಗದಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ.

ಪಂಪಿನ ಒಂದು ಪ್ರಶ್ನೆ ಉಳಿದಿದೆ. ಟ್ರೇಲರಿನ ಮೇಲಿರುವಾಗ ಕೈ ಹಾಕುವ ಮುಚ್ಚಳ ತೆಗೆದು ನೋಡಿದೆ. ಇಂಪೆಲ್ಲರಿನ ಅಂಚುಗಳಲ್ಲಿ ಮರಳು ಸವೆಸಿದ ಗೀರುಗಳಿವೆ. ಹೊಸ ವೇರ್ ರಿಂಗನ್ನು ಫಲಕದ 12ಜೆಸಿ ಎಂಬ ಹೆಸರು ಹೇಳಿ ತರಿಸಬಹುದೇ?

ಸುಳಿನೀರು:

ಹೆಸರು ಹೇಳಿ ಕೂಡಲೇ ತರಿಸಬೇಡಿ. ಪಂಪ್ ಬಿಚ್ಚಿ, ಇಂಪೆಲ್ಲರಿನಲ್ಲಿ ರಿಂಗಿನೊಳಗೆ ಕೂರುವ ಕತ್ತಿನ ಹೊರವ್ಯಾಸವನ್ನು ಮೈಕ್ರೊಮೀಟರಿನಿಂದ ನಾಲ್ಕು ಕಡೆ ಅಳೆಯಿರಿ. ಹಿಂದೆ ಯಾರಾದರೂ ಆ ಕತ್ತನ್ನು ಲೇತಿನಲ್ಲಿ ಕಡೆಸಿ ನುಣುಪು ಮಾಡಿದ್ದರೆ ಅದು ಮೂಲ ಅಳತೆಗಿಂತ ಸಣ್ಣದಾಗಿರುತ್ತದೆ. ಆಗ ಸಾಧಾರಣ ರಿಂಗ್ ಹಾಕಿದರೆ ಸಂದು ಹೊಸದಾಗಿದ್ದೂ ಅಗಲವಾಗಿಯೇ ಉಳಿಯುತ್ತದೆ. ಅಂಥ ಇಂಪೆಲ್ಲರಿಗೆ ಒಳವ್ಯಾಸ ಕಿರಿದಾದ ರಿಂಗ್ ಬೇಕು. ಇಂಪೆಲ್ಲರ್ ಕಂಚಿನದೋ ಅಲ್ಯೂಮಿನಿಯಮ್ಮಿನದೋ ಎಂಬುದನ್ನೂ ಬಿಚ್ಚಿದಾಗಲೇ ಬರೆದುಕೊಳ್ಳಿ. ಅದರ ಮೇಲೆ ಒತ್ತಿದ ಅಕ್ಷರ ಸಿಕ್ಕರೆ ಫಲಕದ 'ಎ'ಯೊಡನೆ ಹೋಲಿಸಿ ನೋಡಿ. ನಾಲ್ಕು ಅಳತೆಗಳನ್ನೂ ಇಲ್ಲಿ ಹಾಕಿ, ಯಾವ ರಿಂಗ್ ಎಂದು ಆಮೇಲೆ ಹೇಳುತ್ತೇನೆ.

ನೀರಹಾದಿ:

ಆಗಲಿ. ಮೈಕ್ರೊಮೀಟರ್ ಸಿಕ್ಕಿದೆ. ಈ ಭಾನುವಾರ ಪಂಪ್ ಇಳಿಸುತ್ತೇನೆ. ಅಳತೆಗಳ ಜೊತೆಗೆ ಪ್ಯಾಕಿಂಗ್ ಮತ್ತು ಮುಂದಿನ ಬೇರಿಂಗ್ ಹೇಗಿವೆ ಎಂಬುದನ್ನೂ ಬರೆಯುತ್ತೇನೆ.